ಸಿನಿಮಾ ಅರ್ಧಕ್ಕೆ ನಿಲ್ಲಿಸಿ

ಎಲ್ಲರಿಗೂ ನಮಸ್ಕಾರ.

ಹದಿನೈದು ಹದಿನಾರರ ಮಕ್ಕಳ ಮುಂದೆ ನಿಂತು, ಬ್ಯಾಂಕು ಒಬ್ಬರ ಠೇವಣಿಯನ್ನು ಇನ್ನೊಬ್ಬರಿಗೆ ಸಾಲ ಕೊಡುತ್ತದೆ ಅಂತ ಹೇಳಿ ನೋಡಿ. ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಾನು ಹಾಗೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆಮೇಲೆ ಒಂದು ದಿನ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರದ ಒಂದೇ ಒಂದು ದೃಶ್ಯ ತೋರಿಸಿದೆ. ಕಪ್ಪು ಬಿಳುಪು ಅಂತ ಮೊದಲು ಮೂಗು ಮುರಿದರು. ಮುರಿಯಲಿ ಬಿಡಿ, ಎರಡು ನಿಮಿಷದಲ್ಲಿ ಪಿಸುಮಾತೆಲ್ಲ ನಿಂತುಹೋಯಿತು.

ಜಾರ್ಜ್ ಬೇಲಿ ಅನ್ನುವವನು ಮನೆ ಸಾಲ ಕೊಡುವ ಸಣ್ಣ ಸಂಸ್ಥೆ ನಡೆಸುತ್ತಾನೆ. ಅವನ ಮದುವೆಯ ದಿನವೇ ಊರಲ್ಲಿ ಗುಲ್ಲೆದ್ದು, ದುಡ್ಡು ಇಟ್ಟವರೆಲ್ಲ ಒಟ್ಟಿಗೆ ನುಗ್ಗುತ್ತಾರೆ. ನಿಮ್ಮ ದುಡ್ಡು ಇಲ್ಲಿಲ್ಲ, ನಿಮ್ಮ ಪಕ್ಕದವರ ಮನೆಯಾಗಿ ನಿಂತಿದೆ ಅಂತ ಅವನು ಬಿಡಿಸಿ ಹೇಳುತ್ತಾನೆ. ಅವನ ಕೈಯಲ್ಲಿರುವುದು ಹನಿಮೂನ್‌ಗೆ ಅಂತ ಇಟ್ಟುಕೊಂಡಿದ್ದ 2,000 ಡಾಲರ್ ಮಾತ್ರ. ಮೊದಲನೆಯವನು ಬಂದು ನನ್ನ 242 ಡಾಲರ್ ಪೂರ್ತಿ ಕೊಡು ಅಂತ ಪಟ್ಟು ಹಿಡಿಯುತ್ತಾನೆ.

ಇಲ್ಲಿ ನಿಲ್ಲಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಇವನು ತಪ್ಪು ಮಾಡಿದನಾ ಅಂತ ಕೇಳಿ ನೀವು ಸುಮ್ನಿದ್ದುಬಿಡಿ. ಅವನ ದುಡ್ಡು ಅವನು ಕೇಳಿದ, ಅದರಲ್ಲೇನು ತಪ್ಪು ಅಂತ ಒಬ್ಬ ಎದ್ದು ನಿಲ್ಲುತ್ತಾನೆ. ಎಲ್ಲರೂ ಹಾಗೇ ಕೇಳಿದರೆ ಹತ್ತನೆಯವನಿಗೆ ಏನೂ ಉಳಿಯಲ್ಲ ಅಲ್ವಾ ಅಂತ ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ಒಬ್ಬೊಬ್ಬರಿಗೆ ಸರಿ ಅನಿಸಿದ ಕೆಲಸ ಎಲ್ಲರನ್ನೂ ಮುಳುಗಿಸಬಹುದು ಅನ್ನುವುದನ್ನು ಅವರೇ ಕಂಡುಕೊಂಡಿರುತ್ತಾರೆ, ನಾನು ಬೋರ್ಡಿನ ಮೇಲೆ ಒಂದಕ್ಷರ ಬರೆದಿರುವುದಿಲ್ಲ. ಆಮೇಲೆ ಮುಂದುವರಿಸಿದರೆ, ಇನ್ನೊಬ್ಬ ಹೆಂಗಸು ಬಂದು ನನಗೆ 17 ಡಾಲರ್ 50 ಸೆಂಟ್ ಸಾಕು ಅನ್ನುವಾಗ ತರಗತಿಯಲ್ಲಿ ಒಂದು ಉಸಿರು ಕೇಳಿಸುತ್ತದೆ. ಅಮೆರಿಕ 1933ರಲ್ಲಿ ಬ್ಯಾಂಕ್ ಠೇವಣಿಗೆ ವಿಮೆ ತಂದಿದ್ದು ಇಂಥ ಗಾಬರಿಯನ್ನು ತಡೆಯಲಿಕ್ಕೇ ಅಂತ ಆಗ ಹೇಳಿದರೆ ಆ ಇಸವಿ ಮರೆಯುವುದಿಲ್ಲ.

ನಿಲ್ಲಿಸದೆ ಪೂರ್ತಿ ತೋರಿಸಿದರೆ ಏನಾಗುತ್ತೆ? ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಹಿನ್ನೆಲೆ ಸಂಗೀತವೇ ಹೇಳಿಬಿಡುತ್ತದೆ. ಮಕ್ಕಳಿಗೆ ಯೋಚಿಸುವ ಕೆಲಸವೇ ಉಳಿಯಲ್ಲ.

1983ರ 'ಟ್ರೇಡಿಂಗ್ ಪ್ಲೇಸಸ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ದೊಡ್ಡವರಿಗೆ ಮಾತ್ರ ಅನ್ನುವಂಥ ದೃಶ್ಯಗಳಿವೆ, ಹಾಗಾಗಿ ಕೊನೆಯ ಮಾರುಕಟ್ಟೆ ಭಾಗ ಸಾಕು. ಕಿತ್ತಳೆ ಬೆಳೆಯ ಸರ್ಕಾರಿ ವರದಿಯನ್ನು ಮೊದಲೇ ಕದ್ದು ಲಾಭ ಮಾಡಲು ಇಬ್ಬರು ಶ್ರೀಮಂತ ಅಣ್ಣತಮ್ಮಂದಿರು ಹೊಂಚು ಹಾಕುತ್ತಾರೆ. ನಾಯಕರು ಅವರ ಕೈಗೆ ಸುಳ್ಳು ವರದಿ ಸೇರಿಸಿ, ನಿಜವಾದದ್ದನ್ನು ತಾವು ಬಳಸಿಕೊಂಡು ಕೋಟ್ಯಧೀಶರಾಗುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ನಿಂತ ಮೇಲೆ ಕೇಳಿ: ಆ ವರದಿ ಇವರಿಗೂ ಕದ್ದೇ ಸಿಕ್ಕಿದ್ದಲ್ವಾ? ಅದೇ ದಿನ ಆ ಮಾರುಕಟ್ಟೆಯಲ್ಲಿ ಏನೂ ಗೊತ್ತಿಲ್ಲದೆ ವ್ಯಾಪಾರ ಮಾಡಿದ ಬೇರೆಯವರ ಗತಿ ಏನು? ಸರ್ಕಾರದ ಗುಟ್ಟಿನ ಮಾಹಿತಿ ಇಟ್ಟುಕೊಂಡು ಇಂಥ ವ್ಯಾಪಾರ ಮಾಡಬಾರದು ಅಂತ ಅಮೆರಿಕದಲ್ಲಿ ಕಾನೂನು ಬಂದಿದ್ದು 2010ರಲ್ಲಿ. ಅದಕ್ಕೆ ಈ ಚಿತ್ರದ ನಟ ಎಡ್ಡಿ ಮರ್ಫಿಯ ಹೆಸರಿನಿಂದಲೇ ಕರೆಯುವ ರೂಢಿಯಿದೆ. ಆಗ ಕಾನೂನು ಇರಲಿಲ್ಲ ಅಂದಮೇಲೆ ಅವರು ಮಾಡಿದ್ದು ಸರಿನಾ ಅಂತ ಮಕ್ಕಳು ಜಗಳಕ್ಕೇ ನಿಲ್ಲುತ್ತಾರೆ. ನಿಲ್ಲಲಿ. ಅವತ್ತು ಪಾಠದ ವೇಳೆ ಸಾಲದಿದ್ದರೂ ಪರವಾಗಿಲ್ಲ.

ಕೊನೆಗೆ ಒಂದು ಸಣ್ಣ ಮನೆಗೆಲಸ ಕೊಡುತ್ತೇನೆ. 242 ಡಾಲರ್ ಪೂರ್ತಿ ತೆಗೆದುಕೊಂಡು ಹೋದವನು ರಾತ್ರಿ ಮನೆಯಲ್ಲಿ ಏನು ಹೇಳಿರಬಹುದು, ನಾಲ್ಕು ಸಾಲು ಬರೆಯಿರಿ ಅಂತ. ಒಬ್ಬಳು ಹುಡುಗಿ ಬರೆದಿದ್ದು ಹೀಗೆ: "ದುಡ್ಡು ತಂದಿದ್ದೀನಿ, ಎಣಿಸ್ಕೋ. ಆದರೆ ಇದನ್ನ ವಾಪಸ್ ಇಡೋಕೆ ನಾಳೆ ಅಲ್ಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"