ಒಪೆರಾ ಹೌಸ್ ದಾಳಿ: ಕಳ್ಳನ ಕಥೆಯಲ್ಲಿ ಕಳೆದುಹೋದ 26 ಮಂದಿ

[ದೃಶ್ಯ: ಚರ್ನಿ ರೋಡ್ ನಿಲ್ದಾಣದ ಹೊರಗಿನ ರಸ್ತೆ, ಮಧ್ಯಾಹ್ನದ ಬಿಸಿಲು. ಕ್ಯಾಮೆರಾ ನಿಧಾನವಾಗಿ ರಾಯಲ್ ಒಪೆರಾ ಹೌಸ್ ಕಟ್ಟಡದತ್ತ ತಿರುಗುತ್ತದೆ.]

ನಮಸ್ಕಾರ. ಮುಂಬಯಿಯ ಒಪೆರಾ ಹೌಸ್ ಪ್ರದೇಶದಿಂದ ಮಾತನಾಡುತ್ತಿದ್ದೇನೆ. ಗಿರ್ಗಾಂವ್ ಇಲ್ಲಿಂದ ನಾಲ್ಕು ಹೆಜ್ಜೆ. ನಮ್ಮವರ ಎಷ್ಟೋ ಹೋಟೆಲುಗಳು ಈ ಬೀದಿಗಳಲ್ಲಿ ಚಹಾ, ಇಡ್ಲಿ ಕೊಟ್ಟಿವೆ. ಇಂದು ಹೇಳಲಿರುವ ಕಥೆಯನ್ನು ನೀವು ಒಂದಲ್ಲ ಒಂದು ರೂಪದಲ್ಲಿ ಕೇಳಿರುತ್ತೀರಿ. ಕೇಳಿದವರೂ ಇನ್ನೊಮ್ಮೆ ಕೇಳಿ, ಏಕೆಂದರೆ ನಾನು ಇದನ್ನು ಕಳ್ಳನ ಕಡೆಯಿಂದ ಹೇಳುವುದಿಲ್ಲ.

1987ರ ಮಾರ್ಚ್ 19, ಗುರುವಾರ. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ತ್ರಿಭುವನದಾಸ್ ಭೀಮ್‌ಜಿ ಝವೇರಿ ಆಭರಣ ಮಳಿಗೆಗೆ ಒಂದು ತಂಡ ಬಂತು. ಮುಂದಿದ್ದವನು ತಾನು ಸಿಬಿಐ ಅಧಿಕಾರಿ ಎಂದ, ಶೋಧನೆಯ ವಾರಂಟ್ ತೋರಿಸಿದ. ಕ್ಯಾಮೆರಾ ನಿಲ್ಲಿಸಿ, ಯಾರೂ ಕದಲಬೇಡಿ, ಫೋನ್ ಮುಟ್ಟಬೇಡಿ ಎಂದ. ಮಾಲೀಕರ ಬಳಿಯಿದ್ದ ಪರವಾನಗಿಯ ರಿವಾಲ್ವರನ್ನೂ ಕೇಳಿ ಪಡೆದುಕೊಂಡ. ಆಮೇಲೆ ಆಭರಣಗಳನ್ನು ಒಂದೊಂದಾಗಿ ಆರಿಸತೊಡಗಿದ. ಗುಣಮಟ್ಟ ಪರೀಕ್ಷೆಗೆ ಮಾದರಿ ಬೇಕು ಎಂಬುದು ಅವನು ಕೊಟ್ಟ ಕಾರಣ. ಆರಿಸಿದ್ದನ್ನು ಪಾಲಿಥೀನ್ ಚೀಲಗಳಿಗೆ ಹಾಕಿಸಿ, ಮೊಹರು ಮಾಡಿಸಿ, ಬ್ರೀಫ್‌ಕೇಸಿಗೆ ಇಳಿಸಿದ. ಇಷ್ಟಕ್ಕೆ ಹಿಡಿದದ್ದು ಸುಮಾರು ಮುಕ್ಕಾಲು ಗಂಟೆ. ಮಳಿಗೆಯನ್ನು ಕಾಯುತ್ತಿರಿ ಎಂದು ತನ್ನ ತಂಡಕ್ಕೆ ಹೇಳಿ ಹೊರಗೆ ನಡೆದ.

ಮತ್ತೆ ಬರಲಿಲ್ಲ. ಅಂದಿನ ಬೆಲೆಯಲ್ಲಿ 30ರಿಂದ 35 ಲಕ್ಷ ರೂಪಾಯಿಯ ಒಡವೆ ಅವನೊಂದಿಗೆ ಹೋಯಿತು.

ಅವನು ಹೇಳಿಕೊಂಡ ಹೆಸರು ಮೋನ್ ಸಿಂಗ್. ನಿಜವಾದ ಹೆಸರು ಏನೆಂಬುದು ಇಂದಿಗೂ ಬಯಲಾಗಿಲ್ಲ. ಅವನು ಸಿಕ್ಕಿಬೀಳಲಿಲ್ಲ. ಹಿಂದೆ ಉಳಿದವರು 26 ಮಂದಿ. ಅವರು ಸಿಬಿಐನವರಲ್ಲ, ಕಳ್ಳರೂ ಅಲ್ಲ. ತಮಗೆ ಸರ್ಕಾರಿ ಕೆಲಸ ಸಿಕ್ಕಿತೆಂದು ನಂಬಿ ಬಂದಿದ್ದ ಪದವೀಧರರು ಅವರು.

[ದೃಶ್ಯ: ಮೇಜಿನ ಮೇಲೆ ಹಳೆಯ ಇನ್ನೂರು ಪುಟದ ನೋಟ್‌ಬುಕ್. ಕೈಯೊಂದು ಪುಟ ತಿರುಗಿಸುತ್ತದೆ.]

ಈ ನೋಟ್‌ಬುಕ್ ನನ್ನ ಸೋದರಮಾವನದು. ಹದಿನಾರರ ಹರೆಯದಲ್ಲಿ ಉಡುಪಿ ಕಡೆಯ ಹಳ್ಳಿಯಿಂದ ಬಸ್ ಹತ್ತಿ ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಆಮೇಲೆ ಬೆಳಗಿನ ಕಾಲೇಜು ಹಿಡಿದು ಬಿ.ಕಾಂ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇಂಥ ಮಾವಂದಿರಿಗೆ, ಚಿಕ್ಕಪ್ಪಂದಿರಿಗೆ ಲೆಕ್ಕವಿಲ್ಲ. ಮುಂಬಯಿಯ ರಾತ್ರಿ ಶಾಲೆಗಳು ಇಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳಿಗೆ ಅಕ್ಷರವೂ ಇಲ್ಲ, ಅನ್ನವೂ ಇಲ್ಲ.

ಮಾವ ಪತ್ರಿಕೆಯಿಂದ ಉದ್ಯೋಗದ ಜಾಹೀರಾತುಗಳನ್ನು ಬ್ಲೇಡಿನಿಂದ ಕತ್ತರಿಸಿ ಇದರಲ್ಲಿ ಅಂಟಿಸುತ್ತಿದ್ದರು. ಗೋಂದಿಗೆ ದುಡ್ಡು ಕೊಡುವುದೇಕೆಂದು ಕ್ಯಾಂಟೀನಿನ ಅನ್ನದ ಅಗುಳಿನಿಂದಲೇ ಅಂಟಿಸಿದ್ದಾರೆ. ಹತ್ತಿರದಿಂದ ನೋಡಿ, ಕಾಗದದ ಕೆಳಗೆ ಒಣಗಿದ ಅಗುಳಿನ ಉಬ್ಬು ಇನ್ನೂ ಬೆರಳಿಗೆ ಸಿಗುತ್ತದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅರ್ಜಿ ಹಾಕಿದ ತಾರೀಕು, ಅರ್ಜಿ ಶುಲ್ಕಕ್ಕೆ ಅಂಚೆ ಕಚೇರಿಯಲ್ಲಿ ಕೊಂಡ ಪೋಸ್ಟಲ್ ಆರ್ಡರಿನ ಮೊತ್ತ. ಅದರ ಮುಂದೆ ಉತ್ತರಕ್ಕೆಂದು ಒಂದು ಕಾಲಂ. ಆ ಕಾಲಮಿನ ಬಹುಪಾಲು ಖಾಲಿ.

ಮೋನ್ ಸಿಂಗನ ಜಾಹೀರಾತು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಬಂದದ್ದು ಮಾರ್ಚ್ 17ರಂದು. ಗುಪ್ತಚರ ಅಧಿಕಾರಿ ಮತ್ತು ಭದ್ರತಾ ಅಧಿಕಾರಿ ಹುದ್ದೆಗಳಿಗೆ ಚುರುಕಾದ ಪದವೀಧರರು ಬೇಕು, ತಾಜ್ ಹೋಟೆಲಿಗೆ ಸಂದರ್ಶನಕ್ಕೆ ಬನ್ನಿ ಎಂಬುದು ಅದರ ಸಾರಾಂಶ. ಅವನು ತಾಜ್‌ನಲ್ಲೇ ಕೋಣೆ ಹಿಡಿದಿದ್ದ. ನರಿಮನ್ ಪಾಯಿಂಟಿನ ಮಿತ್ತಲ್ ಟವರ್‌ನಲ್ಲಿ ಒಂದು ಕಚೇರಿಯನ್ನೂ ಬಾಡಿಗೆಗೆ ಪಡೆದಿದ್ದ. 18ರಂದು ಸಂದರ್ಶನ ಮಾಡಿ ಆಯ್ದುಕೊಂಡ. 19ರ ಬೆಳಿಗ್ಗೆ ಆಯ್ಕೆಯಾದವರನ್ನು ಮಿತ್ತಲ್ ಟವರ್‌ಗೆ ಕರೆಸಿಕೊಂಡ. ಮಧ್ಯಾಹ್ನ ಬಾಡಿಗೆಯ ಬಸ್ಸಿನಲ್ಲಿ ಕೂರಿಸಿಕೊಂಡು ಒಪೆರಾ ಹೌಸ್‌ಗೆ ಬಂದ. ಜಾಹೀರಾತು ಅಚ್ಚಾಗಿ ಮೂರನೆಯ ದಿನಕ್ಕೆ ಕೆಲಸ ಮುಗಿದಿತ್ತು.

ಉತ್ತರದ ಕಾಲಂ ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದ ಒಬ್ಬ ತರುಣನಿಗೆ ಈ ಮೂರು ದಿನ ಹೇಗೆ ಕಂಡಿರಬೇಕು? ಮಂಗಳವಾರ ಜಾಹೀರಾತು, ಬುಧವಾರ ಸಂದರ್ಶನ, ಗುರುವಾರ ನೌಕರಿ. ಪೋಸ್ಟಲ್ ಆರ್ಡರ್ ಬೇಡ, ಶಿಫಾರಸು ಬೇಡ. ಅದೂ ತಾಜ್ ಹೋಟೆಲಿನೊಳಗೆ ಕರೆದು ಕೂರಿಸಿ ಮಾತನಾಡಿಸಿದ್ದಾರೆ!

ಇದನ್ನು ಕೇಳುವಾಗ 1987ರ ಮುಂಬಯಿಯನ್ನು ಮರೆಯಬೇಡಿ. 1982ರ ಜನವರಿಯಲ್ಲಿ ಶುರುವಾದ ಜವಳಿ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದಿದ್ದರು. ಎಷ್ಟೋ ಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಅಪ್ಪ ಗಿರಣಿ ಬಿಟ್ಟು ಕೂತ ಮನೆಗಳಲ್ಲಿ ಮಗನ ಪದವಿಯ ಕಾಗದ ಒಂದೇ ಆಸರೆ. ಮೋನ್ ಸಿಂಗ್ ಕೈ ಹಾಕಿದ್ದು ಆ ಆಸೆಗೆ. ಒಡವೆ ಕದ್ದದ್ದು ಆಮೇಲೆ.

[ದೃಶ್ಯ: ಹಳೆಯ ಲೆಕ್ಕದ ಪುಸ್ತಕಗಳು, ಚಿನ್ನ ತೂಗುವ ತಕ್ಕಡಿ.]

ಅಷ್ಟು ದೊಡ್ಡ ಮಳಿಗೆಯವರು ಮುಕ್ಕಾಲು ಗಂಟೆ ಮಾತಿಲ್ಲದೆ ನಿಂತದ್ದು ಹೇಗೆ? ಈ ಪ್ರಶ್ನೆಯನ್ನು ಎಲ್ಲರೂ ನಗುತ್ತಾ ಕೇಳುತ್ತಾರೆ. ನನಗೆ ನಗು ಬರುವುದಿಲ್ಲ. ಆ ಕಾಲದ ಕಾನೂನು ಗೊತ್ತಿದ್ದರೆ ನಿಮಗೂ ಬರಲಾರದು.

1968ರ ಚಿನ್ನ ನಿಯಂತ್ರಣ ಕಾಯ್ದೆ ಆಗ ಜಾರಿಯಲ್ಲಿತ್ತು. ಜನಸಾಮಾನ್ಯರು ಚಿನ್ನದ ಗಟ್ಟಿ ಇಟ್ಟುಕೊಳ್ಳುವಂತಿರಲಿಲ್ಲ. ವ್ಯಾಪಾರಿಗೆ ಪರವಾನಗಿ ಬೇಕು, ದಾಸ್ತಾನಿಗೆ ಮಿತಿ ಉಂಟು, ಪ್ರತಿ ಗ್ರಾಮಿಗೂ ಪುಸ್ತಕದಲ್ಲಿ ಲೆಕ್ಕ ಇರಬೇಕು. ಅಧಿಕಾರಿ ಬಂದು ತಕ್ಕಡಿಯ ಮುಂದೆ ಕೂರುವುದು ಆ ವ್ಯಾಪಾರದಲ್ಲಿ ಇದ್ದದ್ದೇ. ಈ ಕಾಯ್ದೆ ರದ್ದಾದದ್ದು 1990ರಲ್ಲಿ. ಇದರ ಮೇಲೆ, 1984ರ ಕೊನೆಯಿಂದ 1987ರ ಜನವರಿಯವರೆಗೆ ಹಣಕಾಸು ಸಚಿವರಾಗಿದ್ದ ವಿ. ಪಿ. ಸಿಂಗ್ ಅವರ ಅವಧಿಯಲ್ಲಿ ದೇಶದ ದೊಡ್ಡ ದೊಡ್ಡ ಉದ್ಯಮಿಗಳ ಮನೆ, ಕಚೇರಿಗಳ ಮೇಲೆ ದಾಳಿಗಳಾಗಿದ್ದವು. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ದಾಳಿಯ ಸುದ್ದಿ. ಅವರು ಆ ಖಾತೆ ಬಿಟ್ಟು ಎರಡು ತಿಂಗಳಾಗುವಷ್ಟರಲ್ಲಿ ಮೋನ್ ಸಿಂಗ್ ಈ ಬಾಗಿಲಿಗೆ ಬಂದ. ಅಂಥ ದಿನಗಳಲ್ಲಿ ವಾರಂಟ್ ಹಿಡಿದು ಬಂದವನನ್ನು ನೀನು ಯಾರು ಎಂದು ಕೇಳುವ ಎದೆ ಎಷ್ಟು ವ್ಯಾಪಾರಿಗಳಿಗಿದ್ದೀತು?

ಕೇಳಲು ದಾರಿ ಇಲ್ಲದಿರಲಿಲ್ಲ. ಶೋಧನೆ ಮಾಡುವಾಗ ಆ ಪ್ರದೇಶದ ಇಬ್ಬರಾದರೂ ಗೌರವಸ್ಥರು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ಇರಬೇಕು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಅವರ ಸಹಿ ಬೀಳಬೇಕು, ಮಾಲೀಕನಿಗೆ ಅದರ ಪ್ರತಿ ಸಿಗಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯೇ ಹೇಳುತ್ತಿತ್ತು. ಆ ಪಂಚನಾಮೆಯ ಕಾಗದವನ್ನು ಕೇಳುವ ಹಕ್ಕು ಮನೆಯವರಿಗೆ, ಅಂಗಡಿಯವರಿಗೆ ಇದೆ. ಹೆದರಿದ ಮನುಷ್ಯನಿಗೆ ಹಕ್ಕು ನೆನಪಾಗುವುದು ಕಷ್ಟ, ಅಷ್ಟೇ. ಎದುರಿಗೆ ಶಿಸ್ತಾಗಿ ನಿಂತ ಇಪ್ಪತ್ತಾರು ಮಂದಿಯನ್ನು ಕಂಡರೆ ಇಡೀ ಸರ್ಕಾರವೇ ಬಂದು ನಿಂತಂತೆ ಅನ್ನಿಸಿರಬೇಕು. ಆ ತರುಣರ ಮುಖದಲ್ಲಿ ನಟನೆ ಇರಲಿಲ್ಲ. ಅವರು ನಿಜವಾಗಿಯೂ ಮೊದಲ ದಿನದ ಕೆಲಸ ಮಾಡುತ್ತಿದ್ದರು. ಮೋನ್ ಸಿಂಗನಿಗೆ ಬೇಕಾಗಿದ್ದದ್ದೂ ಅದೇ ಪ್ರಾಮಾಣಿಕತೆ.

[ದೃಶ್ಯ: ಕತ್ತಲೆಯ ಚಿತ್ರಮಂದಿರ, ಪರದೆಯ ಬೆಳಕು ಮಾತ್ರ.]

2013ರಲ್ಲಿ ಇದೇ ಪ್ರಕರಣವನ್ನು ಆಧರಿಸಿ ನೀರಜ್ ಪಾಂಡೆ ನಿರ್ದೇಶನದ ಹಿಂದಿ ಚಿತ್ರ ‘ಸ್ಪೆಷಲ್ 26’ ಬಂತು. ಅಕ್ಷಯ್ ಕುಮಾರ್, ಅನುಪಮ್ ಖೇರ್, ಮನೋಜ್ ಬಾಜಪೇಯಿ. ಚಿತ್ರ ಬಹಳ ಚೆನ್ನಾಗಿದೆ, ನಾನು ಮೂರು ಸಲ ನೋಡಿದ್ದೇನೆ. ಒಂಟಿ ಮನುಷ್ಯನ ಜಾಗದಲ್ಲಿ ಅಲ್ಲಿ ಒಂದು ತಂಡವಿದೆ. ಆ ತಂಡ ಕಪ್ಪುಹಣ ಕೂಡಿಟ್ಟವರನ್ನು ದೋಚುತ್ತದೆ, ಹಾಗಾಗಿ ಕಳೆದುಕೊಂಡವರ ಬಗ್ಗೆ ನಮಗೆ ಕನಿಕರ ಹುಟ್ಟುವುದಿಲ್ಲ. ನಾಯಕನಿಗೆ ಪ್ರೀತಿಯೂ ಇದೆ. ಕೊನೆಗೆ ಪ್ರೇಕ್ಷಕರು ಯಾರ ಪರ ಚಪ್ಪಾಳೆ ತಟ್ಟಬೇಕೆಂಬ ಬಗ್ಗೆ ಅನುಮಾನವೇ ಉಳಿಯುವುದಿಲ್ಲ.

ಚಿತ್ರದ ಹೆಸರಿನಲ್ಲಿ 26 ಇದೆ. ಚಿತ್ರಮಂದಿರದಿಂದ ಹೊರಬಂದಾಗ ಆ ಇಪ್ಪತ್ತಾರರಲ್ಲಿ ಎಷ್ಟು ಮುಖಗಳು ನಿಮಗೆ ನೆನಪಿದ್ದವು? 2018ರಲ್ಲಿ ಸೂರ್ಯ ನಟಿಸಿದ ತಮಿಳು ರೂಪಾಂತರ ಸಿಬಿಐ ಕೆಲಸ ಸಿಗದೆ ಹೋದ ತರುಣನನ್ನೇ ನಾಯಕನನ್ನಾಗಿ ಮಾಡಿಕೊಂಡಿತು. ಅಷ್ಟರ ಮಟ್ಟಿಗೆ ಅದು ಒಂದು ಹೆಜ್ಜೆ ಹತ್ತಿರ ಬಂತು. ಆದರೂ ನೋವುಂಡವನೇ ಮೋಸ ಮಾಡುವ ಕಥೆ ಅದು. ನೋವುಂಡು, ಮೋಸವನ್ನೂ ಹೋಗಿ, ಪೊಲೀಸರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮನೆಗೆ ನಡೆದವರ ಕಥೆ ತೆರೆಗೆ ಬಂದಿಲ್ಲ.

ಅಪರಾಧದ ಕಥೆ ಹೇಳುವ ನಮ್ಮಂಥ ವಾಹಿನಿಗಳೂ ಇದರಲ್ಲಿ ಪಾಲುದಾರರು. ಈ ಪ್ರಕರಣವನ್ನು ನಾನೇ ಎರಡು ವರ್ಷದ ಹಿಂದೆ ಐದು ನಿಮಿಷದ ವಿಡಿಯೋದಲ್ಲಿ ಹೇಳಿದ್ದೆ. ‘ರಕ್ತ ಚೆಲ್ಲದ ದರೋಡೆ, ಚಾಣಾಕ್ಷ ಕಳ್ಳ’ ಎಂದು ಹೊಗಳಿದ್ದೆ. ಅದನ್ನು ನೋಡಿದ ಮಾವ ಊಟದ ಹೊತ್ತಿನಲ್ಲಿ ಈ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಆ ಹಳೆಯ ವಿಡಿಯೋವನ್ನು ಈಗ ತೆಗೆದುಹಾಕಿದ್ದೇನೆ.

ಮೋನ್ ಸಿಂಗ್ ಬಳಸಿದ ಬೀಗದ ಕೈ ಇವತ್ತೂ ತುಕ್ಕು ಹಿಡಿದಿಲ್ಲ. ಸಿಬಿಐ, ಮುಂಬಯಿ ಪೊಲೀಸ್, ಕಸ್ಟಮ್ಸ್ ಎಂದು ಹೇಳಿಕೊಂಡು ವಿಡಿಯೋ ಕರೆ ಮಾಡುತ್ತಾರೆ, ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ, ಕರೆ ಕತ್ತರಿಸಬೇಡಿ ಎನ್ನುತ್ತಾರೆ. ಒಪೆರಾ ಹೌಸ್‌ನಲ್ಲಿ ಫೋನ್ ಮುಟ್ಟಬೇಡಿ ಎಂದದ್ದು ನೆನಪಾಯಿತೇ? 2024ರಲ್ಲಿ ಪಂಜಾಬಿನ ಒಬ್ಬ ಹಿರಿಯ ಉದ್ಯಮಿಗೆ ನಕಲಿ ಸುಪ್ರೀಂ ಕೋರ್ಟ್ ವಿಚಾರಣೆಯನ್ನೇ ಪರದೆಯ ಮೇಲೆ ತೋರಿಸಿ 7 ಕೋಟಿ ರೂಪಾಯಿ ಕಸಿದರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಇಂಥ ಕರೆ ಬಂದರೆ ಕತ್ತರಿಸಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೆ ಇದನ್ನು ಇವತ್ತೇ ಹೇಳಿ. ನಕಲಿ ನೌಕರಿಯ ಸಂದೇಶಗಳ ಬಗ್ಗೆ ಕಿರಿಯರಿಗೂ ಹೇಳಿ.

[ದೃಶ್ಯ: ಮತ್ತೆ ನೋಟ್‌ಬುಕ್. 1987ರ ಮಾರ್ಚ್ ತಿಂಗಳ ಪುಟ.]

ಇದು ಆ ವಾರದ ಪುಟ. ಮೋನ್ ಸಿಂಗನ ಜಾಹೀರಾತು ಇಲ್ಲಿಲ್ಲ. ಅಜ್ಜಿಗೆ ಹುಷಾರಿಲ್ಲವೆಂದು ಮಾವ ಆಗ ಊರಿಗೆ ಹೋಗಿದ್ದರು. ಮುಂಬಯಿಯಲ್ಲಿ ಇದ್ದಿದ್ದರೆ ಹೋಗುತ್ತಿದ್ದಿರಾ ಎಂದು ಕೇಳಿದೆ.

“ಬೆಳಿಗ್ಗೆ ಆರಕ್ಕೇ ಹೋಗಿ ತಾಜ್ ಎದುರು ನಿಂತಿರುತ್ತಿದ್ದೆ,” ಎಂದರು. “ರೂಮಿನವನ ಬೂಟು ಹಾಕಿಕೊಂಡು. ನನ್ನ ಬಳಿ ಆಗ ಬೂಟು ಇರಲಿಲ್ಲ.”

ಆಯ್ಕೆಯಾಗಿದ್ದರೆ?

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬುಧವಾರ ರಾತ್ರಿಯೇ ಅಮ್ಮನಿಗೆ ಕಾಗದ ಬರೆದುಬಿಡುತ್ತಿದ್ದೆ. ನೌಕರಿ ಸಿಕ್ಕಿತು ಎಂದು. ಆಮೇಲೆ ಇನ್ನೊಂದು ಕಾಗದದಲ್ಲಿ ಏನೆಂದು ಬರೆಯುವುದು?”

ಆ 26 ಮಂದಿಗೆ ಈಗ ಅರವತ್ತರ ಆಸುಪಾಸು ಇದ್ದೀತು. ಅವರಲ್ಲಿ ಯಾರಾದರೂ, ಅವರ ಮಕ್ಕಳು ಯಾರಾದರೂ ಇದನ್ನು ನೋಡುತ್ತಿದ್ದರೆ ನನಗೆ ಬರೆಯಿರಿ. ಹೆಸರು ಬೇಡ, ಮುಖ ಬೇಡ. ಆ ಗುರುವಾರ ಸಂಜೆ ಮನೆಗೆ ಹೋಗಿ ಏನು ಹೇಳಿದಿರಿ ಎಂಬುದಷ್ಟು ಸಾಕು.