ಉಂಗುರದೊಳಗಿನ ಖಾಲಿ ಜಾಗ

ಕೇಳುಗರಿಗೆ ನಮಸ್ಕಾರ.

ನಿಮ್ಮ ಬೆರಳಿನಲ್ಲಿ ಚಿನ್ನದ ಉಂಗುರ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಇಲ್ಲದಿದ್ದರೂ ಬೇಜಾರಿಲ್ಲ, ಈಗಿನ ಬೆಲೆಗೆ ಇಲ್ಲದವರೇ ಜಾಸ್ತಿ. ಹಾಗೇ ಅಡುಗೆಮನೆಯಿಂದ ಒಂದು ಹರಳು ಕಲ್ಲುಪ್ಪು ತಂದಿಟ್ಟುಕೊಳ್ಳಿ. ಇವತ್ತಿನ ಮಾತು ಪರಮಾಣುವಿನ ಬಗ್ಗೆ, ಅದಕ್ಕೆ ಎರಡೂ ಬೇಕು.

ಚಿಕ್ಕಂದಿನಲ್ಲಿ ನಾನು ನಮ್ಮ ಬೀದಿಯ ಅಕ್ಕಸಾಲಿಗರ ಅಂಗಡಿ ಮುಂದೆ ಗಂಟೆಗಟ್ಟಲೆ ಕೂತಿರುತ್ತಿದ್ದೆ. ಅವರು ಮೂಸೆಯಲ್ಲಿ ಚಿನ್ನ ಕರಗಿಸಿ, ತಣಿಸಿ, ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದರು. ಬಡಿದಷ್ಟೂ ಅದು ತೆಳ್ಳಗಾಗುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಒಂದು ದಿನ ಕೇಳಿದೆ: "ಮಾಮಾ, ಹೀಗೇ ಬಡೀತಾ ಹೋದ್ರೆ ಕೊನೆಗೆ ಏನಾಗುತ್ತೆ?" ಅವರು ತಲೆ ಎತ್ತದೆ ಹೇಳಿದರು: "ಕೊನೆಗೆ ನನ್ನ ಕೈ ಸೋಲುತ್ತೆ."

ಎಷ್ಟು ನಿಜವಾದ ಉತ್ತರ ಎಂದು ಆಮೇಲೆ ಗೊತ್ತಾಯಿತು. ಮೈಸೂರು ಶೈಲಿಯ ಚಿತ್ರಗಳಿಗೆ ಚಿನ್ನದ ರೇಕು ಅಂಟಿಸುತ್ತಾರಲ್ಲ, ಅಂಥ ರೇಕನ್ನು ಒಂದು ಮಿಲಿಮೀಟರಿನ 10,000ದಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಮಾಡಬಹುದು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅಷ್ಟು ತೆಳುವಾದರೂ ಅದರಲ್ಲಿ ಕೆಲವು ನೂರು ಪರಮಾಣುಗಳು ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ. ಇನ್ನು ಒಂದು ಗ್ರಾಂ ಚಿನ್ನದಲ್ಲಿ ಎಷ್ಟು ಪರಮಾಣು ಅಂತೀರಾ? 3 ಬರೆದು ಮುಂದೆ 21 ಸೊನ್ನೆ ಹಾಕಿ. ಈ ಲೆಕ್ಕ ನನ್ನ ತಲೆಗೂ ಹಿಡಿಯುವುದಿಲ್ಲ, ಬಿಡಿ.

ಪರಮಾಣುವಿನ ಒಳಗೆ ಏನಿದೆ ಎಂದು ಮನುಷ್ಯನಿಗೆ ಮೊದಲು ಸುಳಿವು ಕೊಟ್ಟಿದ್ದೂ ಇಂಥದ್ದೇ ಚಿನ್ನದ ಹಾಳೆ. 1909ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಅಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಪ್ರಾಧ್ಯಾಪಕರು. ಅವರ ಕೈಕೆಳಗೆ ಹ್ಯಾನ್ಸ್ ಗೈಗರ್. ಜೊತೆಗೆ ಮಾರ್ಸ್‌ಡೆನ್ ಅಂತ ಇಪ್ಪತ್ತು ವರ್ಷದ ಹುಡುಗ, ಇನ್ನೂ ವಿದ್ಯಾರ್ಥಿ.

ಆಗ ಪರಮಾಣು ಅಂದರೆ ಏನು ಎಂದುಕೊಂಡಿದ್ದರು? 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಎಂಬ ಋಣ ವಿದ್ಯುತ್ತಿನ ಪುಟ್ಟ ಕಣ ಕಂಡುಹಿಡಿದಿದ್ದರು. ಧನ ವಿದ್ಯುತ್ತಿನ ಮೆತ್ತನೆ ಮುದ್ದೆ, ಅದರಲ್ಲಿ ಅಲ್ಲಲ್ಲಿ ಹುದುಗಿದ ಎಲೆಕ್ಟ್ರಾನ್‌ಗಳು, ಇದು ಅವರ ಚಿತ್ರ. ಆ ದೇಶದವರು ಇದನ್ನು ತಮ್ಮ ಪುಡ್ಡಿಂಗಿಗೆ ಹೋಲಿಸಿದರು. ನಮಗೆ ಕೇಸರಿಬಾತು ಸಾಕು. ನಡುನಡುವೆ ಸಿಗುವ ದ್ರಾಕ್ಷಿಯೇ ಎಲೆಕ್ಟ್ರಾನ್.

ಈ ಕೇಸರಿಬಾತಿಗೆ ಗುಂಡು ಹೊಡೆದು ನೋಡೋಣ ಎಂದು ಹೊರಟರು. ರೇಡಿಯಂ ಜಾತಿಯ ವಸ್ತುಗಳಿಂದ ಚಿಮ್ಮುವ ಆಲ್ಫಾ ಕಣಗಳೇ ಗುಂಡು. ಕಣ ಹೋಗಿ ಪರದೆಗೆ ಬಡಿದರೆ ಚಿಟಿಕೆಯಷ್ಟು ಬೆಳಕು. ಕತ್ತಲ ಕೋಣೆಯಲ್ಲಿ ಕೂತು, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಆ ಮಿಣುಕುಗಳನ್ನು ಒಂದೊಂದಾಗಿ ಎಣಿಸಬೇಕು. ಕಂಪ್ಯೂಟರ್ ಇಲ್ಲ, ಏನಿಲ್ಲ. ಹೆಚ್ಚು ಕಡಿಮೆ ಎಲ್ಲ ಕಣಗಳೂ ಹಾಳೆಯನ್ನು ತೂರಿಕೊಂಡು ಹೋದವು. ಆದರೆ ಸಾವಿರಾರು ಕಣಗಳಲ್ಲಿ ಒಂದು ಬಂದ ದಾರಿಗೇ ತಿರುಗಿ ಚಿಮ್ಮುತ್ತಿತ್ತು! ತೆಳು ಕಾಗದಕ್ಕೆ ಫಿರಂಗಿ ಗುಂಡು ಹೊಡೆದರೆ ಅದು ಹಿಂದಿರುಗಿ ಬಂದು ನಮಗೇ ಬಡಿದಂತಾಯಿತು ಎಂದು ರುದರ್‌ಫೋರ್ಡ್ ಮುಂದೆ ನೆನಪಿಸಿಕೊಂಡರು.

ಕೇಸರಿಬಾತು ಗುಂಡನ್ನು ಹಿಂದಕ್ಕೆ ಎಸೆಯುತ್ತದೆಯೇ? ಒಳಗೆಲ್ಲೋ ಕಲ್ಲಿನಂಥದ್ದು ಸಿಕ್ಕಿರಲೇಬೇಕು. ಚಿಕ್ಕದು, ಆದರೆ ಭಾರ ಪೂರ್ತಿ ಅದರಲ್ಲೇ. 1911ರಲ್ಲಿ ರುದರ್‌ಫೋರ್ಡ್ ಈ ಲೆಕ್ಕ ಪ್ರಕಟಿಸಿದರು. ಆ ನಡುಗಲ್ಲಿಗೆ ಇವತ್ತು ನ್ಯೂಕ್ಲಿಯಸ್ ಎನ್ನುತ್ತೇವೆ.

ಎಷ್ಟು ಚಿಕ್ಕದು? ಚಿನ್ನದ ಒಂದು ಪರಮಾಣುವನ್ನು 300 ಮೀಟರ್ ಅಗಲದ ಕೆರೆಯಷ್ಟು ಹಿಗ್ಗಿಸಿ. ನ್ಯೂಕ್ಲಿಯಸ್ ಆಗ ಮಕ್ಕಳು ಆಡುವ ಗೋಲಿಯಷ್ಟಾಗುತ್ತದೆ. ಇಡೀ ಕೆರೆಯ ತೂಕದಲ್ಲಿ ನೂರಕ್ಕೆ 99.9 ಭಾಗಕ್ಕಿಂತ ಜಾಸ್ತಿ ಆ ಗೋಲಿಯಲ್ಲೇ ಇದೆ. ಉಳಿದ ಕೆರೆಯಲ್ಲಿ ಎಲೆಕ್ಟ್ರಾನ್‌ಗಳು.

ಹಾಗಾದರೆ ಉಂಗುರದೊಳಗೆ ಖಾಲಿ ಜಾಗವೇ ತುಂಬಿದೆ. ಬೆರಳಿನಲ್ಲೂ ಅಷ್ಟೇ. ಮತ್ತೆ ಬೆರಳು ಉಂಗುರದ ಚಿನ್ನದೊಳಗೆ ಯಾಕೆ ತೂರಿಹೋಗುವುದಿಲ್ಲ? ಶಾಲೆಯಲ್ಲಿ ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ಪರಮಾಣುವಿನ ಚಿತ್ರ ಬರೆಸಿದ್ದರಲ್ಲ, ಇದು ಅರ್ಥವಾಗಲು ಅದೇ ಅಡ್ಡ ಬರುವುದು. ಎಲೆಕ್ಟ್ರಾನ್ ಸುತ್ತುವ ಗುಂಡು ಅಲ್ಲ. ಅದು ತನ್ನ ಪಾಲಿನ ಜಾಗದ ತುಂಬ ಮೋಡದ ಹಾಗೆ ಹರಡಿಕೊಂಡಿರುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ? ಮನುಷ್ಯ ಇನ್ನೂ ಹತ್ತಿಲ್ಲ, ಸೀಟು ಮಾತ್ರ ತುಂಬಿದೆ. ಎಲೆಕ್ಟ್ರಾನ್‌ಗಳದ್ದೂ ಅದೇ ಹಟ. ಒಂದು ಕೂತ ಸ್ಥಿತಿಯಲ್ಲಿ ಇನ್ನೊಂದು ಕೂರುವಂತಿಲ್ಲ. ಈ ನಿಯಮವನ್ನು 1925ರಲ್ಲಿ ವೋಲ್ಫ್‌ಗ್ಯಾಂಗ್ ಪೌಲಿ ಹೇಳಿದರು. ಬೆರಳು ಉಂಗುರವನ್ನು ಒತ್ತಿದಾಗ ಟವೆಲ್ಲಿಗೆ ಟವೆಲ್ ಜಗಳ. ಅದನ್ನೇ ನಾವು ಗಟ್ಟಿ ಎನ್ನುತ್ತೇವೆ.

ಈಗ ನಡುವಿನ ಗೋಲಿಗೆ ಬರೋಣ. ಅದರಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಎಂಬ ಎರಡು ಜಾತಿ ಕಣಗಳು. ಚಿನ್ನದಲ್ಲಿ 79 ಪ್ರೋಟಾನ್, 118 ನ್ಯೂಟ್ರಾನ್. ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ, ಜೇಮ್ಸ್ ಚಾಡ್ವಿಕ್ ಕೈಗೆ. ಪ್ರೋಟಾನ್‌ಗಳ ಸಂಖ್ಯೆಯೇ ಧಾತುವಿನ ಗುರುತು. 79 ಇದ್ದರೆ ಚಿನ್ನ. ಒಂದು ಕಡಿಮೆಯಾದರೆ ಪ್ಲಾಟಿನಂ, ಒಂದು ಹೆಚ್ಚಾದರೆ ಪಾದರಸ. ಅಂದರೆ ಪಾದರಸಕ್ಕೂ ಬಂಗಾರಕ್ಕೂ ಒಂದೇ ಪ್ರೋಟಾನಿನ ವ್ಯತ್ಯಾಸ. ಪಾದರಸದಿಂದ ಚಿನ್ನ ಮಾಡುತ್ತೇವೆಂದು ಶತಮಾನಗಟ್ಟಲೆ ಕುಲುಮೆ ಊದಿದವರು ಪಾಪ, ತೀರಾ ಹತ್ತಿರದಲ್ಲೇ ಇದ್ದರು! ಆದರೆ ಕುಲುಮೆಯ ಬೆಂಕಿಗೆ ಕೆರೆಯ ಅಂಚಿನ ಎಲೆಕ್ಟ್ರಾನ್‌ಗಳನ್ನು ಕದಡುವುದಷ್ಟೇ ಗೊತ್ತು. ನಡುವಿನ ಗೋಲಿಗೆ ಅದರ ಬಿಸಿ ತಾಕುವುದೇ ಇಲ್ಲ.

ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದದ್ದು ಇದೇ. ಪರಮಾಣುವಿನ ಹೆಸರು ನಡುವಿನದು, ನಡತೆ ಅಂಚಿನದು. ಯಾರ ಜೊತೆ ಸೇರುತ್ತದೆ, ಕರಗುತ್ತದೆಯೋ ತುಕ್ಕು ಹಿಡಿಯುತ್ತದೆಯೋ, ಎಲ್ಲ ತೀರ್ಮಾನ ಹೊರ ಅಂಚಿನ ಎಲೆಕ್ಟ್ರಾನ್‌ಗಳದ್ದು.

ಉಪ್ಪಿನ ಹರಳು ತೆಗೆದುಕೊಳ್ಳಿ. ಅದರಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಇವೆ. ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುವ ಲೋಹ. ಕ್ಲೋರಿನ್ ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷಗಾಳಿ. ಸೋಡಿಯಂಗೆ ಅಂಚಿನಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚುವರಿ, ಕ್ಲೋರಿನ್‌ಗೆ ಒಂದು ಕೊರತೆ. ಇದು ಕೊಟ್ಟಿತು, ಅದು ಇಸಕೊಂಡಿತು. ಕೊಟ್ಟದ್ದು ಧನ, ಇಸಕೊಂಡದ್ದು ಋಣ. ಎರಡೂ ಸೆಳೆದುಕೊಂಡು ಚದುರಂಗದ ಮನೆಗಳಂತೆ ಸಾಲಾಗಿ ಕೂತವು. ಇದೇ ನಾವು ಸಾರಿಗೆ ಹಾಕುವ ಉಪ್ಪು.

ಈಗ ಆ ಹರಳಿಗೆ ಸುತ್ತಿಗೆಯಿಂದ ಒಂದು ಏಟು ಕೊಡಿ. ಪುಡಿಯಾಯಿತು, ಅಲ್ವಾ? ಏಟಿಗೆ ಒಂದು ಸಾಲು ಪಕ್ಕಕ್ಕೆ ಜರುಗಿತು. ಧನದ ಎದುರಿಗೆ ಧನ, ಋಣದ ಎದುರಿಗೆ ಋಣ ಬಂದುಬಿಟ್ಟವು. ಒಂದನ್ನೊಂದು ದೂಡಿದವು. ಹರಳು ಸೀಳಿತು.

ಚಿನ್ನದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಕೊಡುಕೊಳ್ಳುವ ಲೆಕ್ಕ ಇಲ್ಲ. ಪ್ರತಿ ಪರಮಾಣುವೂ ಅಂಚಿನ ಎಲೆಕ್ಟ್ರಾನನ್ನು ಊರಿನ ಗೋಮಾಳಕ್ಕೆ ಬಿಟ್ಟಂತೆ ಬಿಟ್ಟುಬಿಡುತ್ತದೆ. ಅವು ಎಲ್ಲರ ನಡುವೆ ಓಡಾಡುತ್ತವೆ, ಎಲ್ಲರನ್ನೂ ಹಿಡಿದಿಡುತ್ತವೆ. ಒಂದು ಸಾಲು ಜರುಗಿದರೂ ಗೋಮಾಳ ಅಲ್ಲೇ ಇರುತ್ತದೆ. ಹಾಗಾಗಿ ಚಿನ್ನ ಒಡೆಯುವುದಿಲ್ಲ, ಹರಡುತ್ತದೆ. ತಂತಿಯಲ್ಲಿ ಕರೆಂಟು ಹರಿಯುವುದೂ ಈ ಗೋಮಾಳದಿಂದಲೇ. ಒಡವೆಗೆ ತಾಮ್ರ, ಬೆಳ್ಳಿ ಬೆರೆಸುವುದು ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ತಾಮ್ರದ ಪರಮಾಣು ಚಿನ್ನದ್ದಕ್ಕಿಂತ ಚಿಕ್ಕದು. ಒಂದೇ ಅಳತೆಯ ಸಾಲಿನಲ್ಲಿ ಬೇರೆ ಅಳತೆಯದು ಸೇರಿದರೆ ಜಾರುವುದಕ್ಕೆ ತಡೆ. ಒಡವೆ ಗಟ್ಟಿಯಾಗುತ್ತದೆ. 916 ಎಂದು ಮುದ್ರೆ ಒತ್ತಿರುತ್ತಾರಲ್ಲ, ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಮಿಕ್ಕಿದ್ದು ಈ ತಡೆಗಾರರು.

ಇನ್ನು ನಡುವಿನ ಗೋಲಿಯ ಪ್ರೋಟಾನ್‌ಗಳಿಗೆ ಸಾವು, ಅಂದರೆ ತಾವಾಗಿ ಒಡೆದುಹೋಗುವುದು, ಇದೆಯೇ? ಈ ಪ್ರಶ್ನೆಯ ಹಿಂದೆ ನಮ್ಮ ಕೋಲಾರದ ಕಥೆಯೂ ಇದೆ. ಬಾನಿಂದ ಸುರಿಯುವ ಕಣಗಳ ಗಲಾಟೆ ತಪ್ಪಿಸಲು ವಿಜ್ಞಾನಿಗಳಿಗೆ ಆಳದ ಜಾಗ ಬೇಕಿತ್ತು. ಕೋಲಾರದ ಚಿನ್ನದ ಗಣಿ ಸಿಕ್ಕಿತು. 1965ರಲ್ಲಿ ಅಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಗುರುತು ಸಿಕ್ಕಿತು. 1980ರ ದಶಕದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ ಉಪಕರಣ ಕೂರಿಸಿದರು. ಅದರ ತುಂಬ ಕಬ್ಬಿಣದ ಫಲಕಗಳು. ಚಿನ್ನದ ಗಣಿಯಲ್ಲಿ ಕಬ್ಬಿಣ ಕಾಯುತ್ತಾ ಕೂತರು! ಆ ಕಬ್ಬಿಣದಲ್ಲಿ ಒಂದಾದರೂ ಪ್ರೋಟಾನ್ ತಾನಾಗಿ ಸಾಯುತ್ತದೆಯೇ ಎಂದು. ಹಾಗೆ ಕಾಣುವ ಕೆಲವು ಗುರುತುಗಳು ಸಿಕ್ಕವು, ಪ್ರಕಟವೂ ಆದವು. ಆದರೆ ಬೇರೆ ಕಡೆಯ ದೊಡ್ಡ ಉಪಕರಣಗಳು ಅದನ್ನು ಒಪ್ಪಲಿಲ್ಲ. ಈಗ ಜಪಾನಿನ ಇನ್ನೊಂದು ಗಣಿಯಲ್ಲಿ 50,000 ಟನ್ ನೀರು ತುಂಬಿಸಿಕೊಂಡು 1996ರಿಂದ ಕಾಯುತ್ತಿದ್ದಾರೆ. ಇನ್ನೂ ಒಂದೂ ಸತ್ತದ್ದು ಖಚಿತವಾಗಿಲ್ಲ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ಪುಡಿಯಾದ ಉಪ್ಪನ್ನು ಎಸೆಯಬೇಡಿ, ರಾತ್ರಿ ಸಾರಿಗೆ ಹಾಕಿಬಿಡಿ. ನಮಸ್ಕಾರ.