ಫೈಲು ನಿಮ್ಮ ಕೈಯಲ್ಲೇ ಇರಲಿ

ಕೇಳುಗರಿಗೆ ನಮಸ್ಕಾರ. ಸ್ಪೈನಾ ಬಿಫಿಡಾ, ಅಂದರೆ ಹುಟ್ಟುವಾಗಲೇ ಬೆನ್ನುಹುರಿಯ ಜಾಗ ಪೂರ್ತಿ ಮುಚ್ಚದ ತೊಂದರೆ, ಇರುವ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಅಲೆಯುವ ಅಪ್ಪ ಅಮ್ಮಂದಿರ ಜೊತೆ ಇವತ್ತು ನಾಲ್ಕು ಮಾತು. ನಾನು ಡಾಕ್ಟರ್ ಅಲ್ಲ, ನಾಲ್ಕು ವರ್ಷದ ಹುಡುಗನ ತಾಯಿ, ಊರು ಕೊಪ್ಪಳದ ಹತ್ತಿರ.

ಮೊದಲು ಗ್ರಹಣದ ವಿಷಯ ಮುಗಿಸಿಬಿಡುತ್ತೇನೆ. ಗ್ರಹಣದ ದಿನ ಹೊರಗೆ ಬಂದೆ, ಅದಕ್ಕೇ ಕೂಸಿನ ಬೆನ್ನಿನ ಮೇಲೆ ಗಂಟು ಬಂತು ಅಂತ ಅಂದವರು ಬಹಳ ಮಂದಿ. ಹಾಗಲ್ಲ. ಗರ್ಭ ನಿಂತ ನಾಲ್ಕು ವಾರದೊಳಗೆ ಬೆನ್ನುಹುರಿಯ ಜಾಗ ಮುಚ್ಚಿಕೊಳ್ಳಬೇಕು, ಕೆಲವು ಮಕ್ಕಳಲ್ಲಿ ಅದು ಪೂರ್ತಿ ಮುಚ್ಚುವುದಿಲ್ಲ. ನಮಗೆ ಬಸುರಿ ಅಂತ ಗೊತ್ತಾಗುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಅದಕ್ಕೇ ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ, ಮಗು ಬೇಕು ಅಂದುಕೊಂಡಾಗಲೇ ಶುರುವಾಗಬೇಕು. ಮೊದಲ ಮಗುವಿಗೆ ಹೀಗಾಗಿದ್ದರೆ ಇದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ಬೇಕಾಗುತ್ತದೆ, ಅದನ್ನು ಡಾಕ್ಟರೇ ಬರೆದುಕೊಡಬೇಕು.

ಇನ್ನು ಆಸ್ಪತ್ರೆ. ತಲೆಯಲ್ಲಿ ತುಂಬುವ ನೀರು ಇಳಿಸಲು ಒಳಗೆ ಹಾಕಿದ ನಳಿಗೆ, ಅಂದರೆ ಶಂಟ್, ನೋಡುವವರು ಒಬ್ಬರು, ಕಾಲು ನೋಡುವವರು ಒಬ್ಬರು, ಮೂತ್ರದ್ದು ಇನ್ನೊಬ್ಬರು, ಫಿಸಿಯೋ ಬೇರೆ ಕಟ್ಟಡದಲ್ಲಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನಮ್ಮದೇ ಕೆಲಸ. ಹಾಗಾಗಿ ಫೈಲಿನ ಮೇಲೊಂದು ಹಾಳೆ ಇಡಿ. ಆಪರೇಷನ್ ಆದ ತಾರೀಖು, ಶಂಟ್ ಯಾವ ಕಡೆ ಇದೆ, ಯಾವ ಮಾತ್ರೆ, ಕಿಡ್ನಿ ಸ್ಕ್ಯಾನಿಂಗ್ ಯಾವಾಗ ಆಯಿತು. ಕೆಂಪು ಪೆನ್ನಿನಲ್ಲಿ, 'ಲೇಟೆಕ್ಸ್ ಬೇಡ'. ಇಂಥ ಮಕ್ಕಳಿಗೆ ರಬ್ಬರಿನ ಗ್ಲೌಸು, ಬಲೂನು ಅಲರ್ಜಿ ಆಗುವುದು ಜಾಸ್ತಿ. ನರ್ಸ್ ಗ್ಲೌಸು ಹಾಕಿಕೊಳ್ಳುವ ಮೊದಲೇ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ನಾವು ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲೇ ಹೋಗುವುದು. ನನ್ನ ಮಗನಿಗೆ ಮೂರು ನಾಲ್ಕು ತಾಸಿಗೊಮ್ಮೆ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಬೇಕು, ಇಲ್ಲದಿದ್ದರೆ ಅದು ಒಳಗೇ ನಿಂತು ಕಿಡ್ನಿ ಹಾಳಾಗುತ್ತದೆ. ರೈಲಿನಲ್ಲಿದ್ದೇವೆ ಅಂತ ಬಿಡುವ ಹಾಗಿಲ್ಲ, ಅಲ್ವಾ? ಕೆಳಗಿನ ಬರ್ತಿನಲ್ಲಿ ಮಲಗಿಸುತ್ತೇನೆ, ನಮ್ಮ ಮನೆಯವರು ಚಾದರ ಅಡ್ಡ ಹಿಡಿಯುತ್ತಾರೆ, ನಾನು ಸೋಪಿನಲ್ಲಿ ಕೈ ತೊಳೆದು ಬಂದು ಮೊಬೈಲ್ ಬೆಳಕಿನಲ್ಲಿ ನಳಿಗೆ ಹಾಕುತ್ತೇನೆ. ಅವನು ಮೇಲಿನ ಫ್ಯಾನು ನೋಡುತ್ತಾ ಹಾಡು ಹೇಳುತ್ತಿರುತ್ತಾನೆ. ಎದುರಿನ ಸೀಟಿನವರು ಏನೋ ಕೇಳುತ್ತಾರೆ. ಕೇಳಲಿ ಬಿಡಿ.

ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇವನ ಪಾದಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ಕಾದ ಕಡಪ ಕಲ್ಲಿನ ಮೇಲೆ ಕಾಲು ಇಟ್ಟರೂ, ಬೈಕಿನ ಸೈಲೆನ್ಸರ್ ತಾಗಿದರೂ ಅಳುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ನಮಗೆ ತಿಳಿಯುವುದು. ದಿನಾ ಸಂಜೆ ಸಾಕ್ಸ್ ಬಿಚ್ಚಿ ಹಿಮ್ಮಡಿ, ಬೆರಳ ಸಂದಿ ಎಲ್ಲ ನೋಡಿ.

ಶಂಟ್ ಇರುವ ಮಗು ಪದೇಪದೇ ವಾಂತಿ ಮಾಡಿಕೊಂಡರೆ, ತಲೆನೋವು ಅಂದರೆ, ಎಬ್ಬಿಸಿದರೂ ತೂಕಡಿಸುತ್ತಿದ್ದರೆ, ಬಿಸಿಲಿಗೆ ಹೀಗಾಗಿದೆ ಅಂತ ಮಜ್ಜಿಗೆ ಕುಡಿಸಿ ಮಲಗಿಸಬೇಡಿ. ಶಂಟ್ ಕಟ್ಟಿಕೊಂಡಿರಬಹುದು. ಚೀಟಿಯಲ್ಲಿ ಬರೆದ ತಾರೀಖಿಗೆ ಕಾಯದೆ ಆವತ್ತೇ ಹೊರಡಿ.

'ಸೂಜಿ ಚುಚ್ಚುತ್ತಾರಾ ಅವ್ವಾ?' ಅಂತ ಕೇಳಿದರೆ, ಚುಚ್ಚುವುದಿದ್ದರೆ ಹೌದು ಅನ್ನಿ. ಇಲ್ಲ ಅಂತ ಸುಮ್ನೆ ಸುಳ್ಳು ಹೇಳಿದರೆ ಮುಂದಿನ ಸಲ ಗೇಟಿನಲ್ಲೇ ರಂಪ ಶುರು. ಇನ್ನೊಂದು, ಪಾಳಿಯಲ್ಲಿ ನಿಂತವರು ಅವನೆದುರೇ 'ಇವನು ನಡೆಯುತ್ತಾನಾ?' ಅಂತ ನನ್ನನ್ನು ಕೇಳುತ್ತಾರೆ. ಅವನನ್ನೇ ಕೇಳಿ, ಅನ್ನುತ್ತೇನೆ. ಅವನಿಗೆ ಮಾತು ಜಾಸ್ತಿ, ಬೂಟಿನಿಂದ ಹಿಡಿದು ವಾಕರ್ ತನಕ ಎಲ್ಲ ವಿವರಿಸುತ್ತಾನೆ.

ಅಂಗವಿಕಲರ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಬೇಗ ಮಾಡಿಸಿ. ಮುಂದಿನ ತಾರೀಖು ಬರೆಯುವಾಗ ಎರಡು ವಿಭಾಗ ಒಂದೇ ದಿನಕ್ಕೆ ಹಾಕಿಕೊಡಿ ಅಂತ ಕೇಳಿ ನೋಡಿ. ದೂರದೂರಿನವರು ಅಂದರೆ ಹಾಕಿಕೊಡುವವರೂ ಇದ್ದಾರೆ, ಒಂದು ರಾತ್ರಿಯ ರೂಮ್ ಬಾಡಿಗೆಯಾದರೂ ಉಳಿಯುತ್ತದೆ. ನಮಸ್ಕಾರ.